ಸೂರತ್ ಮತ್ತು ಸೀರತ್: ರಾಜಕೀಯದಲ್ಲಿ ಮಹಿಳೆಯ ರೂಪದ ಪ್ರಶ್ನೆ



ಉರ್ದುವಿನಲ್ಲಿ ಎರಡು ಪದಗಳಿವೆ. ಸೂರತ್ ಎಂದರೆ ರೂಪ, ಸೀರತ್ ಎಂದರೆ ನಡತೆ. ಮಹಿಳೆಯೊಬ್ಬರು ರಾಜಕೀಯಕ್ಕೆ ಬಂದಾಗ ನಾವು ಮೊದಲು ನೋಡುವುದು ಯಾವುದನ್ನು?

2011ರ ಜುಲೈನಲ್ಲಿ ಪಾಕಿಸ್ತಾನದ ಮೊದಲ ಮಹಿಳಾ ವಿದೇಶಾಂಗ ಸಚಿವೆ ಹೀನಾ ರಬ್ಬಾನಿ ಖರ್ ದೆಹಲಿಗೆ ಬಂದರು. ಮಾತುಕತೆಯಲ್ಲಿ ಎದುರು ಕುಳಿತವರು ನಮ್ಮ ಮಂಡ್ಯ ಜಿಲ್ಲೆಯ ಎಸ್.ಎಂ. ಕೃಷ್ಣ. ಕಾಶ್ಮೀರದ ನಿಯಂತ್ರಣ ರೇಖೆಯಾಚೆಗಿನ ವ್ಯಾಪಾರವನ್ನು ವಾರಕ್ಕೆ 2 ದಿನದಿಂದ 4 ದಿನಕ್ಕೆ ಹೆಚ್ಚಿಸಲು ಅಂದು ಒಪ್ಪಿಗೆಯಾಯಿತು. ಆದರೆ ಹೆಚ್ಚು ಸುದ್ದಿಯಾದದ್ದು ಸಚಿವೆಯ ಚೆಲುವು, ಮುತ್ತಿನ ಸರ, ದುಬಾರಿ ಕೈಚೀಲ! ಕೃಷ್ಣ ಅವರೂ ಅಚ್ಚುಕಟ್ಟಾದ ಉಡುಪಿಗೆ ಹೆಸರಾದವರೇ. ಅದು ಅಂದಿನ ಚರ್ಚೆಯಾಗಲಿಲ್ಲ.

ರೂಪದಿಂದ ಮತ ಸಿಗುವುದೇ ಇಲ್ಲವೇ? ಸಿಗುತ್ತದೆ. ಫಿನ್‌ಲ್ಯಾಂಡಿನ 1929 ಅಭ್ಯರ್ಥಿಗಳ ಭಾವಚಿತ್ರಗಳನ್ನು 10 ಸಾವಿರಕ್ಕೂ ಹೆಚ್ಚು ಜನರಿಗೆ ತೋರಿಸಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಚೆಲುವಾಗಿ ಕಂಡ ಹೊಸ ಅಭ್ಯರ್ಥಿಗಳಿಗೆ ಹೆಚ್ಚು ಮತ ಬಂದಿತ್ತು. ಗಮನಿಸಿ, ಈ ಲಾಭ ಹೆಣ್ಣಿಗೆ ಮಾತ್ರವಲ್ಲ, ಗಂಡಿಗೂ ಇತ್ತು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? 2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದನ್ನು ನೋಡಿ. ಅಲ್ಲಿನ ಉಪಾಧ್ಯಕ್ಷ ಸ್ಥಾನಕ್ಕೆ 2008ರಲ್ಲಿ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ರೂಪದ ಬಗ್ಗೆ ಕೆಲವು ವಿದ್ಯಾರ್ಥಿಗಳು ಬರೆಯಬೇಕಿತ್ತು, ಉಳಿದವರು ಅವರ ವ್ಯಕ್ತಿತ್ವದ ಬಗ್ಗೆ. ರೂಪದ ಬಗ್ಗೆ ಬರೆದವರು ಅವರ ಸಾಮರ್ಥ್ಯಕ್ಕೆ ಕಡಿಮೆ ಅಂಕ ಕೊಟ್ಟರು. ಅಂದರೆ ಹೆಣ್ಣಿನ ಚೆಲುವನ್ನು ಹೊಗಳುತ್ತಲೇ ನಾವು ಅವಳ ಯೋಗ್ಯತೆಯನ್ನು ಕಡೆಗಣಿಸಬಲ್ಲೆವು.

ಇನ್ನು ನಮ್ಮ ಮನೆಯ ಮಾತು. 2023ರಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ಆಯ್ಕೆಯಾದ ಮಹಿಳೆಯರು ಕೇವಲ 10. ಅವರಲ್ಲಿ ಗುಲಬರ್ಗಾ ಉತ್ತರ ಕ್ಷೇತ್ರದ ಕನೀಜ್ ಫಾತಿಮಾ ಒಬ್ಬರು. 2018ರಲ್ಲೂ ಗೆದ್ದಿದ್ದರು. ಆದರೂ ಅವರ ಹೆಸರು ಬಂದರೆ ಎಷ್ಟೋ ಮಂದಿಗೆ ನೆನಪಾಗುವುದು ಅವರ ಹಿಜಾಬ್. ಅದನ್ನು ಟೀಕಿಸುವವರಿಗೂ ಅದೇ, ಮೆಚ್ಚುವ ನಮಗೂ ಅದೇ. "ಚೆಲುವೆಯೇ?" ಎಂದು ಕೇಳುವುದೂ "ತಲೆ ಮುಚ್ಚಿದ್ದಾಳೆಯೇ?" ಎಂದಷ್ಟೇ ಕೇಳಿ ಸುಮ್ಮನಾಗುವುದೂ ಒಂದೇ. ಎರಡೂ ಸೂರತ್ತಿನ ಪ್ರಶ್ನೆಗಳೇ. ಕ್ಷೇತ್ರದ ನೀರು, ರಸ್ತೆ, ಶಾಲೆಗಳ ಲೆಕ್ಕ ಕೇಳುವುದು ಸೀರತ್ತಿನ ಪ್ರಶ್ನೆ.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನಾಳೆ ಅಲ್ಲಿ ಕೂರಬೇಕಾದವರು ಇಂದು ನಮ್ಮ ತರಗತಿಗಳಲ್ಲಿದ್ದಾರೆ. ಪೋಷಕರೇ, ಮಗಳ ಬಣ್ಣದ ಚಿಂತೆ ಬಿಡಿ, ಅವಳಿಗೆ ಆಯವ್ಯಯ ಪತ್ರ ಓದಲು ಕಲಿಸಿ, ಗ್ರಾಮಸಭೆಗೆ ಕರೆದೊಯ್ಯಿರಿ. ವಿದ್ಯಾರ್ಥಿನಿಯರೇ, ಭಾವಚಿತ್ರ ನೋಡಿ ಜನ ಒಮ್ಮೆ ಮತ ಹಾಕಿಯಾರು. ಎರಡನೆಯ ಸಲ ಅವರು ಕೇಳುವುದು ನೀವು ಮಾಡಿದ ಕೆಲಸವನ್ನು. ಅದಕ್ಕೆ ಉತ್ತರ ಸಿದ್ಧಮಾಡಿಕೊಳ್ಳುವುದೇ ವಿದ್ಯೆ.