ಇದು ಸಿನಿಮಾನಾ, ಅಭಿನಂದನಾ ಗ್ರಂಥಾನಾ?

ಅಮೆರಿಕದ 40ನೇ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಜೀವನ ಕುರಿತ 'ರೇಗನ್' ಸಿನಿಮಾ ನೋಡಿದೆ. 2024ರ ಆಗಸ್ಟ್ 30ರಂದು ಅಲ್ಲಿ ತೆರೆಕಂಡ ಚಿತ್ರ. ರೇಗನ್ ಪಾತ್ರದಲ್ಲಿ ಡೆನಿಸ್ ಕ್ವೇಡ್. ಪಾಪ, ಕಷ್ಟಪಟ್ಟಿದ್ದಾರೆ. ಆದರೆ ಎರಡು ಗಂಟೆಗೂ ಹೆಚ್ಚು ಹೊತ್ತು ಕೂತು ನೋಡಿದ ಮೇಲೆ ಅನ್ನಿಸಿದ್ದು ಇಷ್ಟೇ: ಇದು ಸಿನಿಮಾ ಅಲ್ಲ, ಅಭಿನಂದನಾ ಗ್ರಂಥ.

ಅಲ್ಲಾ ಸ್ವಾಮಿ, ಆ ಮನುಷ್ಯನ ಬದುಕಲ್ಲಿ ಕಥೆಗೆ ಬರವಿತ್ತಾ? ರೇಡಿಯೋದಲ್ಲಿ ಕ್ರೀಡಾ ವೀಕ್ಷಕ ವಿವರಣೆ ಕೊಡುತ್ತಿದ್ದವರು ಹಾಲಿವುಡ್ ನಟರಾದರು, ಕ್ಯಾಲಿಫೋರ್ನಿಯಾದ ಗವರ್ನರ್ ಆದರು, ಶ್ವೇತಭವನಕ್ಕೇ ಹೋದರು. ಅಲ್ಲಿ ಎಪ್ಪತ್ತು ದಿನ ತುಂಬುವ ಮೊದಲೇ ಗುಂಡೇಟು ತಿಂದು ಬದುಕಿ ಬಂದರು.

ಒಂದು ಉದಾಹರಣೆ ಕೊಡ್ತೀನಿ. 1960ರಲ್ಲಿ ನಟರ ಸಂಘದ ಅಧ್ಯಕ್ಷರಾಗಿ ಮುಷ್ಕರ ಮುನ್ನಡೆಸಿದವರು ಇದೇ ರೇಗನ್. 1981ರಲ್ಲಿ ಮುಷ್ಕರ ಹೂಡಿದ 11 ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಮನೆಗೆ ಕಳಿಸಿದವರೂ ಇದೇ ರೇಗನ್. ಹಿಂದಿನ ವರ್ಷದ ಚುನಾವಣೆಯಲ್ಲಿ ಆ ನಿಯಂತ್ರಕರ ಸಂಘ ಬೆಂಬಲ ಕೊಟ್ಟಿದ್ದು ಯಾರಿಗೆ? ಇವರಿಗೇ! ಒಳ್ಳೆಯ ನಿರ್ದೇಶಕನಿಗೆ ಇದೊಂದೇ ಸಾಕಿತ್ತು. ಈ ಚಿತ್ರಕ್ಕೆ ಅಂಥ ತಳಮಳವೇ ಬೇಡ.

ಏಡ್ಸ್ ವಿಚಾರ ನೋಡಿ. 1985ರಲ್ಲಿ ರಾಕ್ ಹಡ್ಸನ್ ಏಡ್ಸ್‌ನಿಂದ ತೀರಿಕೊಂಡರು. ಹಾಲಿವುಡ್ ದಿನಗಳಿಂದ ರೇಗನ್ ದಂಪತಿಗೆ ಪರಿಚಯವಿದ್ದ ನಟ. ಆದರೂ ಆ ಕಾಯಿಲೆ ಬಗ್ಗೆ ಅಧ್ಯಕ್ಷರು ಮೊದಲ ದೊಡ್ಡ ಭಾಷಣ ಮಾಡಿದ್ದು 1987ರಲ್ಲಿ. ಅಷ್ಟರಲ್ಲಿ 20 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು. ಸಿನಿಮಾದಲ್ಲಿ ಇದಕ್ಕೆ ಸಿಕ್ಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಇನ್ನು ಕಥೆ ಹೇಳೋದು ಯಾರು ಗೊತ್ತಾ? ಕೆಜಿಬಿಯ ಮಾಜಿ ಗೂಢಚಾರ! ಶತ್ರುವಿನ ಬಾಯಲ್ಲೇ ಹೊಗಳಿಸಿಬಿಟ್ಟರೆ ಕೆಲಸ ಸಲೀಸು ನೋಡಿ. ಸೋವಿಯತ್ ಒಕ್ಕೂಟವನ್ನು ರೇಗನ್ ಒಬ್ಬರೇ ಕೆಡವಿದರು ಅನ್ನೋ ಧಾಟಿ. ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರ್‌ನಲ್ಲಿ. ರೇಗನ್ ಜನವರಿಯಲ್ಲೇ ಅಧಿಕಾರ ಬಿಟ್ಟಾಗಿತ್ತು. ಅವರ ಒತ್ತಡ ಕೆಲಸ ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಗೋರ್ಬಚೇವ್ ಅವರ ಪಾಲು? ಪೋಲೆಂಡ್‌ನ ಕಾರ್ಮಿಕರ ಪಾಲು? ಬೀದಿಗಿಳಿದ ಪೂರ್ವ ಜರ್ಮನಿಯ ಜನರ ಪಾಲು? ಅವರೆಲ್ಲ ಬರೀ ಹಿನ್ನೆಲೆ ಚಿತ್ರಗಳಾ?

ಒಂದು ಸಿನಿಮಾ ಚೆನ್ನಾಗಿಲ್ಲದಿದ್ದರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಇದೆ. ಇದು ಬಂದದ್ದು ಅಧ್ಯಕ್ಷೀಯ ಚುನಾವಣೆಗೆ ಎರಡು ತಿಂಗಳು ಬಾಕಿ ಇದ್ದಾಗ. ಎಂಬತ್ತರ ದಶಕದಲ್ಲಿ ಹುಟ್ಟಿಯೇ ಇರದಿದ್ದ ಹುಡುಗರು ಇದನ್ನೇ ಚರಿತ್ರೆ ಅಂತ ತಿಳಿದು ಮತಗಟ್ಟೆಗೆ ಹೋಗ್ತಾರೆ. ಸತ್ತ ನಾಯಕನನ್ನು ದೇವರು ಮಾಡಿಟ್ಟರೆ, ಬದುಕಿರುವ ನಾಯಕನನ್ನು ಪ್ರಶ್ನಿಸುವ ಅಭ್ಯಾಸವೂ ತಪ್ಪಿಹೋಗುತ್ತೆ.

ವಿಪರ್ಯಾಸ ಕೇಳಿ. 1994ರಲ್ಲಿ, ತಮಗೆ ಅಲ್ಝೈಮರ್ಸ್ ಬಂದಿದೆ ಅಂತ ಸ್ವಂತ ಕೈಬರಹದಲ್ಲಿ ದೇಶಕ್ಕೆ ಪತ್ರ ಬರೆದವರು ರೇಗನ್. ತನ್ನ ಮರೆವಿನ ಕಾಯಿಲೆಯನ್ನೇ ಜನರಿಂದ ಮುಚ್ಚಿಡದ ಮನುಷ್ಯನ ಕಥೆ ಹೇಳಲು ಹೊರಟವರು, ಅವರ ತಪ್ಪುಗಳನ್ನೆಲ್ಲ ಮರೆತು ಕೂತಿದ್ದಾರೆ.

ಯೋಚನೆ ಮಾಡಿ.