ಸಹಿ ಬೀಳುವ ಮೊದಲು ಮಾತಾಡಿ

ಒಂದು ದೇಶದ ನಾಳೆಯನ್ನು ಯಾರು ಬರೆಯಬೇಕು? ಆ ನಾಳೆಯಲ್ಲಿ ಬದುಕಬೇಕಾದವರಲ್ಲವೇ? ಹಾಗಿದ್ದರೆ ಹೇಳಿ, 2016ರ ಜೂನ್ 23ರಂದು ಬ್ರಿಟನ್ನಿನ ಹದಿನಾರು, ಹದಿನೇಳರ ಹುಡುಗ ಹುಡುಗಿಯರು ಎಲ್ಲಿದ್ದರು? ಯುರೋಪಿಯನ್ ಒಕ್ಕೂಟದಲ್ಲಿ ಉಳಿಯುವುದೋ, ಹೊರಬರುವುದೋ ಎಂದು ದೇಶಕ್ಕೆ ದೇಶವೇ ಮತ ಹಾಕುತ್ತಿದ್ದ ಆ ದಿನ ಅವರು ಮತಗಟ್ಟೆಯ ಹೊರಗಿದ್ದರು. ಎರಡೇ ವರ್ಷ ಮೊದಲು, ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕೇ ಎಂಬ ಜನಮತಗಣನೆಯಲ್ಲಿ ಅದೇ ವಯಸ್ಸಿನವರಿಗೆ ಮತವಿತ್ತು. ಈ ಸಲವೂ ಕೊಡೋಣ ಎಂದು ಮೇಲ್ಮನೆ ಹೇಳಿತು, ಕೆಳಮನೆ ಒಪ್ಪಲಿಲ್ಲ.

ಮತವಿದ್ದ ಎಳೆಯರಾದರೂ ಏನು ಮಾಡಿದರು? ನೋಂದಣಿಯ ಕೊನೆಯ ರಾತ್ರಿ, ಜೂನ್ 7ರಂದು, ಜನ ಒಮ್ಮೆಲೇ ಮುಗಿಬಿದ್ದು ಸರ್ಕಾರದ ಜಾಲತಾಣವೇ ಕುಸಿಯಿತು. ಗಡುವನ್ನು ಎರಡು ದಿನ ಮುಂದೂಡಬೇಕಾಯಿತು. ಹದಿನೆಂಟರಿಂದ ಇಪ್ಪತ್ನಾಲ್ಕರ ಹರೆಯದವರಲ್ಲಿ ಹತ್ತಕ್ಕೆ ಏಳು ಮಂದಿ ಉಳಿಯುವ ಪರ, ಅರವತ್ತೈದು ದಾಟಿದವರಲ್ಲಿ ಹತ್ತಕ್ಕೆ ಆರು ಮಂದಿ ಹೊರಡುವ ಪರ ಎಂದು ಸಮೀಕ್ಷೆಗಳು ಹೇಳಿದವು. ಆದರೆ ಹಿರಿಯರು ಹೆಚ್ಚಾಗಿ ಮತಗಟ್ಟೆಗೆ ಹೋದರು, ಕಿರಿಯರು ಕಡಿಮೆ ಹೋದರು. ಹೊರಡೋಣ ಎಂದವರು ಶೇ 51.9, ಉಳಿಯೋಣ ಎಂದವರು ಶೇ 48.1. ನಡುವಿನ ಅಂತರ ಹದಿಮೂರು ಲಕ್ಷ ಮತವೂ ಅಲ್ಲ. 1973ರಿಂದ ಕಟ್ಟಿಕೊಂಡು ಬಂದ ನಂಟು ಅಷ್ಟರಲ್ಲೇ ಹರಿಯಿತು.

ಹೊರಬಂದದ್ದೇ ತಪ್ಪು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಸಂಡರ್‌ಲ್ಯಾಂಡ್ ಎಂಬ ಊರನ್ನು ನೆನೆಯಿರಿ. ಒಂದು ಕಾಲಕ್ಕೆ ಹಡಗು ಕಟ್ಟಿ ಜಗತ್ತಿಗೆ ಕಳಿಸಿದ ಊರು, ನೆಲದಡಿಯ ಕಲ್ಲಿದ್ದಲು ತೆಗೆದ ಊರು. ಹಡಗುಕಟ್ಟೆಗಳು ಮುಚ್ಚಿದವು, ಗಣಿ ಮುಚ್ಚಿತು. ಉಳಿದ ದೊಡ್ಡ ಆಸರೆಯೆಂದರೆ ಯುರೋಪಿನ ಮಾರುಕಟ್ಟೆಯನ್ನು ನೆಚ್ಚಿಕೊಂಡಿದ್ದ ನಿಸಾನ್ ಕಾರ್ಖಾನೆ. ಆದರೂ ಅಲ್ಲಿನ ಶೇ 61ರಷ್ಟು ಜನ ಹೊರಡೋಣ ಎಂದರು. ಅವರನ್ನು ಮೂರ್ಖರೆನ್ನುವುದು ಸುಲಭ. ದಶಕಗಟ್ಟಲೆ ಯಾರೂ ಕೇಳದ ದನಿ ಒಂದು ದಿನ ಮತಪೆಟ್ಟಿಗೆಯಲ್ಲಿ ಗುಡುಗಿದರೆ ಅದನ್ನು ಕೇಳಿಸಿಕೊಳ್ಳುವುದು ಕಷ್ಟ. ಲಂಡನ್ನಿನ ಬುದ್ಧಿವಂತರು ಆ ಕಷ್ಟ ತೆಗೆದುಕೊಳ್ಳಲಿಲ್ಲ ಎಂಬುದು ನನ್ನ ದೂರು.

ನನ್ನ ನಿಜವಾದ ಸಿಟ್ಟು ಚರ್ಚೆಯ ಮೇಲೆ. ಯಾವುದನ್ನು ಚರ್ಚಿಸಬೇಕಿತ್ತೋ ಅದನ್ನು ಚರ್ಚಿಸಲಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕಳಿಸುತ್ತಿದ್ದೇವೆ ಎಂದು ಬರೆದ ಕೆಂಪು ಬಸ್ಸು ಊರೂರು ಸುತ್ತಿತು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹೇಳಿದ ಲೆಕ್ಕ ಅದು. ದೇಶದ ಅಂಕಿಅಂಶ ಪ್ರಾಧಿಕಾರವೇ ಆಕ್ಷೇಪಿಸಿದರೂ ಬಸ್ಸು ನಿಲ್ಲಲಿಲ್ಲ. ಹೊರಡುವ ಕಡೆಯವರು ಘೋಷಣೆ ಕೂಗಿದರು, ಉಳಿಯುವ ಕಡೆಯವರು ಗುಮ್ಮ ತೋರಿಸಿದರು. ಎರಡರ ನಡುವೆ ಪ್ರಶ್ನೆಗಳು ಸೊರಗಿದವು.

ಕೂಡುಕುಟುಂಬ ಒಡೆದು ಪಾಲಾಗುವಾಗ ಹೊಲ ಯಾರಿಗೆ, ಮನೆ ಯಾರಿಗೆ ಎಂದು ಅಬ್ಬರದಿಂದ ತೀರ್ಮಾನಿಸಿ, ಎರಡು ಹೊಲಗಳ ನಡುವಿನ ಬಾವಿಗೆ ಹೋಗುವ ದಾರಿ ಯಾರದು ಎಂದು ಕೊನೆಗೆ ಕೇಳಿಕೊಂಡಂತಾಯಿತು ಐರ್ಲೆಂಡಿನ ಕತೆ. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಸುಮಾರು 500 ಕಿಲೋಮೀಟರ್ ಗಡಿ, ಅದನ್ನು ದಾಟುವ ಇನ್ನೂರಕ್ಕೂ ಹೆಚ್ಚು ರಸ್ತೆಗಳು. ಮೂರು ದಶಕಗಳ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತ ಮೇಲೆ, 1998ರ ಗುಡ್ ಫ್ರೈಡೇ ಒಪ್ಪಂದ ತಂದ ಶಾಂತಿಯಲ್ಲಿ ಸೈನಿಕರ ಕಾವಲುಗೋಪುರಗಳು ಇಳಿದು, ಗಡಿ ಎಲ್ಲಿದೆಯೆಂದೇ ಕಾಣದಂತೆ ಜನ ಓಡಾಡತೊಡಗಿದ್ದರು. ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯಿಂದ ಹೊರಬಂದರೆ ಸರಕಿನ ತಪಾಸಣೆ ಎಲ್ಲಿ ನಡೆಯಬೇಕು? ಆ ರಸ್ತೆಗಳಲ್ಲೇ? ಮತ್ತೆ ಗೇಟು, ಮತ್ತೆ ಕಾವಲು, ಮತ್ತೆ ಬಂದೂಕೇ? ಮತದಾನಕ್ಕೆ ಎರಡು ವಾರ ಮೊದಲು ಟೋನಿ ಬ್ಲೇರ್, ಜಾನ್ ಮೇಜರ್ ಎಂಬ ಇಬ್ಬರು ಮಾಜಿ ಪ್ರಧಾನಿಗಳು, ಪಕ್ಷದಲ್ಲಿ ಎದುರಾಳಿಗಳು, ಒಟ್ಟಿಗೇ ಡೆರಿ ನಗರಕ್ಕೆ ಹೋಗಿ ಇದನ್ನೇ ಎಚ್ಚರಿಸಿದರು. ಎಷ್ಟು ಜನ ಕಿವಿಗೊಟ್ಟರು? ಬಾವಿಯ ದಾರಿಯ ಮಾತು ಪಾಲುಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಮಾತ್ರ ನೆನಪಾಯಿತು!

ಆಮೇಲೆ ನಡೆದದ್ದನ್ನು ಜಗತ್ತೇ ನೋಡಿತು. 2017ರ ಮಾರ್ಚ್ 29ರಂದು ಹೊರಡುವ ಪತ್ರ ಕೊಟ್ಟ ಕ್ಷಣದಿಂದ ಎರಡು ವರ್ಷದ ಗಡಿಯಾರ ಓಡತೊಡಗಿತು. ಅಂದಿನ ಪ್ರಧಾನಿ ತೆರೇಸಾ ಮೇ ಹೊರಬರುವ ಒಪ್ಪಂದದ 585 ಪುಟಗಳ ಕರಡು ತಂದರು. 2019ರ ಜನವರಿ 15ರಂದು ಸಂಸತ್ತು ಅದನ್ನು 230 ಮತಗಳಿಂದ ಎಸೆಯಿತು. ಮಾರ್ಚಿನಲ್ಲಿ ಮತ್ತೆರಡು ಸಲ ಎಸೆಯಿತು. ನಡುವೆ, ಹಾಗಾದರೆ ನಿಮಗೆ ಬೇಕಾದದ್ದೇನು ಎಂದು ಎಂಟು ಆಯ್ಕೆಗಳನ್ನು ಮುಂದಿಟ್ಟರೆ ಎಂಟಕ್ಕೂ ಬಹುಮತ ಸಿಗಲಿಲ್ಲ. ಬೇಡ ಎನ್ನಲು ಎಲ್ಲರಿಗೂ ಬಂತು, ಬೇಕು ಎನ್ನಲು ಯಾರಿಗೂ ಬರಲಿಲ್ಲ. ಎರಡು ವರ್ಷದ ಗಡುವು ದಾಟಿದ ಮೇಲೆ, 2020ರ ಜನವರಿ 31ರ ರಾತ್ರಿ, ಬ್ರಿಟನ್ ಹೊರಬಂತು. ಆದರೆ ವ್ಯಾಪಾರದ ಕರಾರು ಕುದುರಿದ್ದು ಆ ವರ್ಷದ ಡಿಸೆಂಬರ್ 24ಕ್ಕೆ. 1,246 ಪುಟಗಳ ಆ ಒಪ್ಪಂದವನ್ನು ಜಾರಿಗೆ ತರುವ ಮಸೂದೆ ಡಿಸೆಂಬರ್ 30ರಂದು, ಒಂದೇ ದಿನದಲ್ಲಿ, ಎರಡೂ ಸದನಗಳನ್ನು ದಾಟಿತು. ಮತ ಹಾಕಿದವರಲ್ಲಿ ಎಷ್ಟು ಜನ ಅಷ್ಟೂ ಪುಟ ಓದಿದ್ದರೋ, ನಾವೇ ಊಹಿಸಿಕೊಳ್ಳಬೇಕು.

ಯುವಜನರು ಎದ್ದದ್ದು ನಿಜ. 2018ರ ಅಕ್ಟೋಬರಿನಲ್ಲಿ ಲಂಡನ್ನಿನ ಬೀದಿಗಳು ತುಂಬಿ ಹರಿದವು, ಮೆರವಣಿಗೆಯ ಮುಂಚೂಣಿಯಲ್ಲಿ ಎಳೆಯ ಮುಖಗಳಿದ್ದವು. 2019ರಲ್ಲಿ, ಹೊರಡುವ ಪತ್ರವನ್ನೇ ಹಿಂತೆಗೆದುಕೊಳ್ಳಿ ಎಂಬ ಮನವಿಗೆ ಅರುವತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಎಂಥ ಕಸುವು! ಎಂಥ ಹುಮ್ಮಸ್ಸು! ಅದರ ಅರ್ಧ 2016ರ ಜೂನಿನಲ್ಲಿ ಕಂಡಿದ್ದರೆ? ಕಾಲ ಕೈಯಲ್ಲಿದ್ದಾಗ ಬಾರದ ದನಿ ಕಾಲ ಮುಗಿದ ಮೇಲೆ ಎಷ್ಟು ಜೋರಾಗಿ ಬಂದರೇನು?

ಗೆಳೆಯರೇ, ಇದೆಲ್ಲ ಯಾರದೋ ದೇಶದ ಗಲಾಟೆ, ನಮಗೇನು ಎಂದಿರಾ? 2025ರ ಜುಲೈ 24ರಂದು ಭಾರತವೂ ಬ್ರಿಟನ್ನೂ ಸಮಗ್ರ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಒಕ್ಕೂಟದೊಳಗೆ ಉಳಿದಿದ್ದರೆ ಬ್ರಿಟನ್ ಒಬ್ಬಂಟಿಯಾಗಿ ಆ ಸಹಿ ಹಾಕುವಂತೆಯೇ ಇರಲಿಲ್ಲ. ಅವರ ವಿಸ್ಕಿಗೆ ನಾವು ಹೇರುತ್ತಿದ್ದ ಶೇ 150ರ ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕೆಂದು ಅದರಲ್ಲಿದೆ. ನಮ್ಮ ಜವಳಿಗೆ ಅಲ್ಲಿನ ಸುಂಕ ಸೊನ್ನೆಯಾಗಬೇಕೆಂದಿದೆ. ಕೆಲಸಕ್ಕೆಂದು ತಾತ್ಕಾಲಿಕವಾಗಿ ಅಲ್ಲಿಗೆ ಹೋಗುವ ನೌಕರರು ನಿಗದಿತ ಅವಧಿಯವರೆಗೆ ಅಲ್ಲಿನ ಸಾಮಾಜಿಕ ಭದ್ರತೆಗೆ ವಂತಿಗೆ ಕಟ್ಟಬೇಕಿಲ್ಲ ಎಂಬ ಮಾತೂ ಅದರ ಜೊತೆಗೇ ಆಗಿದೆ. ಬೆಂಗಳೂರಿನ ಎಷ್ಟು ಮನೆಗಳಿಗೆ ಇದು ಸಂಬಳದ ಚೀಟಿಯ ಮಾತು!

ದನಿ ಸಕಾಲಕ್ಕೆ ಬಂದರೆ ಏನಾಗುತ್ತದೆಂದು ಬಲ್ಲವರು ನಮ್ಮಲ್ಲೇ ಇದ್ದಾರೆ. ಆರ್‌ಸಿಇಪಿ ಎಂಬ ಹದಿನಾರು ದೇಶಗಳ ವ್ಯಾಪಾರ ಕೂಟ ಸೇರಲು ಭಾರತ 2012ರಿಂದ ಮಾತುಕತೆ ನಡೆಸಿತ್ತು. ನ್ಯೂಜಿಲೆಂಡಿನ, ಆಸ್ಟ್ರೇಲಿಯಾದ ಹಾಲಿನ ಪುಡಿ ಅಗ್ಗವಾಗಿ ನುಗ್ಗಿದರೆ ಎರಡು ಹಸು ಕಟ್ಟಿಕೊಂಡವರ ಗತಿಯೇನು ಎಂದು ಕರ್ನಾಟಕವೂ ಸೇರಿ ದೇಶದ ಹಾಲು ಉತ್ಪಾದಕರು, ರೈತ ಸಂಘಟನೆಗಳು ಕೇಳಿದರು. ಸಹಿಗೆ ಮೊದಲೇ ಕೇಳಿದರು! 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು. ಸರಿದದ್ದು ಸರಿಯೇ ಎಂದು ಅರ್ಥಶಾಸ್ತ್ರಜ್ಞರು ಇಂದಿಗೂ ಕಾದಾಡುತ್ತಾರೆ, ಕಾದಾಡಲಿ. ಹಟ್ಟಿಯಿಂದ ಹೊರಟ ಪ್ರಶ್ನೆ ಬ್ಯಾಂಕಾಕಿನ ಸಭಾಂಗಣಕ್ಕೆ ಮುಟ್ಟಿತು. ಪದವಿ ಓದಿದ ನಿಮ್ಮ ಪ್ರಶ್ನೆ ಮುಟ್ಟದೇ?

ಇನ್ನೊಂದು ಮಾತು, ಇದನ್ನು ಚೆನ್ನಾಗಿ ನೆನಪಿಡಿ. ಬ್ರಿಟನ್ನಿನ ಸಂಸತ್ತು ಮೂರು ಸಲ ಕರಡನ್ನು ಎಸೆಯಿತಲ್ಲ, ನಮ್ಮಲ್ಲಿ ಹಾಗೆ ಎಸೆಯುವ ಪ್ರಮೇಯವೇ ಇಲ್ಲ. ಭಾರತದಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಂಸತ್ತಿನ ಮತ ಬೇಕಿಲ್ಲ. ಕೇಂದ್ರ ಸಂಪುಟ ಒಪ್ಪಿದರೆ ಸಾಕು. ಹಾಗಾಗಿ ಇಲ್ಲಿ ಚರ್ಚೆ ಹುಟ್ಟಬೇಕಾದದ್ದು ಕಾಲೇಜಿನಲ್ಲಿ, ಸಂತೆಯಲ್ಲಿ, ಹಾಲಿನ ಸೊಸೈಟಿಯ ಜಗಲಿಯಲ್ಲಿ. ಹುಟ್ಟಿಸಬೇಕಾದವರು ನೀವು, ನಾವು. ಬೇರೆ ಯಾರಿದ್ದಾರೆ?

ಬ್ರಿಟನ್ನಿನ ಜೊತೆಗಿನ ಒಪ್ಪಂದದ ಪಠ್ಯ ಗುಟ್ಟಲ್ಲ, ವಾಣಿಜ್ಯ ಸಚಿವಾಲಯ ಅದನ್ನು ಪ್ರಕಟಿಸಿದೆ. ನೂರಾರು ಪುಟ, ಬಿಗಿಯಾದ ಕಾನೂನಿನ ಇಂಗ್ಲಿಷ್. ಹೆದರಬೇಡಿ. ನಾಲ್ಕು ಜನ ಕೂಡಿ ಒಂದು ಅಧ್ಯಾಯ ಹಿಡಿಯಿರಿ. ನಿಮ್ಮ ಜಿಲ್ಲೆಯ ಕಾಫಿಯೋ, ರೇಷ್ಮೆಯೋ, ಸಿದ್ಧ ಉಡುಪೋ ಅದರಲ್ಲಿ ಎಲ್ಲಿದೆ ಹುಡುಕಿ, ಯಾವ ಸುಂಕ ಯಾವ ವರ್ಷಕ್ಕೆ ಇಳಿಯುತ್ತದೆ ಎಂದು ಕನ್ನಡದಲ್ಲಿ ಎರಡು ಪುಟ ಬರೆದು, ಅದನ್ನು ಬೆಳೆಯುವವರ ಕೈಗೆ, ಹೊಲಿಯುವವರ ಕೈಗೆ ಕೊಡಿ. ಅವರು ಕೇಳುವ ಪ್ರಶ್ನೆಗಳನ್ನು ಹಾಗೆಯೇ ಬರೆದುಕೊಂಡು ನಿಮ್ಮ ಲೋಕಸಭಾ ಸದಸ್ಯರಿಗೆ ಕಳಿಸಿ, ಮುಂದಿನ ಒಪ್ಪಂದದ ಮೇಜಿಗೆ ಕುಳಿತುಕೊಳ್ಳುವ ಮೊದಲು ಸದನದಲ್ಲಿ ಇದನ್ನು ಕೇಳಿ ಎಂದು ಒತ್ತಾಯಿಸಿ. ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ. ಆಗಲೂ ಬಾರದಿದ್ದರೆ ಅವರು ಕ್ಷೇತ್ರಕ್ಕೆ ಬಂದ ದಿನ, ಆ ಎರಡು ಪುಟ ಕೈಯಲ್ಲಿ ಹಿಡಿದು, ಎಲ್ಲರೂ ಒಟ್ಟಿಗೆ ಹೋಗಿ ಕೇಳಿ.