ಕಳವು ಮತ್ತು ಕಾಯಕ

(ಮಳವಳ್ಳಿಯ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಊರಿನ ಪೇಟೆಯಲ್ಲಿ ಬಹುಕಾಲದಿಂದ ಕಬ್ಬಿಣದ ಸಾಮಾನಿನ ಅಂಗಡಿ ನಡೆಸುತ್ತಿರುವ ಭಕ್ತರೊಬ್ಬರು ಮೊನ್ನೆ ನಮ್ಮಲ್ಲಿಗೆ ಬಂದಿದ್ದರು. "ಬುದ್ಧೀ, ಅಂಗಡಿ ಮುಚ್ಚುವುದಕ್ಕೆ ಅಪ್ಪಣೆಯಾಗಬೇಕು" ಎಂದರು. ಕಾರಣ ಕೇಳಿದೆವು. ಜನ ಹೆಚ್ಚಿದ್ದಾಗ ಒಬ್ಬರು ನಲ್ಲಿಯನ್ನು ಚೀಲಕ್ಕೆ ಸೇರಿಸುತ್ತಾರೆ, ಇನ್ನೊಬ್ಬರು ಒಂದು ಹಿಡಿ ಬೋಲ್ಟನ್ನು ಜೇಬಿಗೆ ಇಳಿಸುತ್ತಾರೆ. ೯೦ ರೂಪಾಯಿಗೆ ತಂದು ೧೦೦ಕ್ಕೆ ಮಾರುವ ನಲ್ಲಿಯೊಂದು ಕಳವಾದರೆ, ಒಂಬತ್ತು ನಲ್ಲಿ ಮಾರಿದ ಲಾಭ ಅದಕ್ಕೇ ಸರಿಹೋಗುತ್ತದೆ. ಕದ್ದವನಿಗೆ ಇದು ಸಣ್ಣದು. ಆ ಸಂಸಾರಕ್ಕೆ ಸಣ್ಣದಲ್ಲ.

"ನೀವು ಬಂದವರನ್ನು ಹೇಗೆ ಕಾಣುತ್ತೀರಿ?" ಎಂದು ಕೇಳಿದೆವು. ಅವರು ತಲೆ ತಗ್ಗಿಸಿದರು. ಹಿಂದೆ ರೈತನು ಪಂಪ್‌ಸೆಟ್ಟಿನ ಸವೆದ ವಾಷರನ್ನು ತಂದರೆ, ಅದನ್ನು ಕೈಯಲ್ಲಿ ಹಿಡಿದು ನೋಡಿ, ಅದೇ ಅಳತೆಯದನ್ನು ಹುಡುಕಿ, ಕೂಡಿಸುವ ಬಗೆಯನ್ನೂ ಹೇಳಿ ಕಳಿಸುತ್ತಿದ್ದರಂತೆ. ಈಗ ಕೆಲಸ ಬಲ್ಲ ಹುಡುಗರನ್ನು ಬಿಡಿಸಿದ್ದಾರೆ. ಬಂದವರೆಲ್ಲ ಕಳ್ಳರಂತೆ ಕಾಣುತ್ತಾರೆ. ಕೂತಲ್ಲಿಂದಲೇ "ಇಲ್ಲ" ಎಂದುಬಿಡುತ್ತಾರೆ. ಕದ್ದವನು ಒಬ್ಬ, ಬೈಸಿಕೊಂಡವರು ಹತ್ತು ಜನ. ಆ ಹತ್ತು ಜನವೂ ಮೈಸೂರಿಗೆ ಹೋಗುತ್ತಾರೆ, ಇಲ್ಲವೆ ಫೋನಿನಲ್ಲಿ ತರಿಸಿಕೊಳ್ಳುತ್ತಾರೆ. ನಾಳೆ ಈ ಅಂಗಡಿ ಮುಚ್ಚಿದರೆ, ಕಬ್ಬಿಗೆ ನೀರು ಹಾಯಿಸುವ ಹೊತ್ತಿನಲ್ಲಿ ಪೈಪು ಒಡೆದವನು ಯಾರ ಬಾಗಿಲಿಗೆ ಹೋಗಬೇಕು?

ಯೋಗಶಾಸ್ತ್ರವು ಹೇಳುವ ಐದು ಯಮಗಳಲ್ಲಿ ಅಸ್ತೇಯವೂ ಒಂದು. ಪರರ ವಸ್ತುವನ್ನು ಕದಿಯದಿರುವುದೇ ಅಸ್ತೇಯ. ನಮ್ಮ ಶರಣರು ಇನ್ನೂ ಮುಂದೆ ಹೋದರು. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಹೆಚ್ಚು ತಂದರು. ಅದು ಕದ್ದ ಅಕ್ಕಿಯಲ್ಲ, ಆಯ್ದ ಅಕ್ಕಿ. ಆದರೂ ಲಕ್ಕಮ್ಮ ತಾಯಿಯವರು ಅದನ್ನು ಒಲೆಗೇರಿಸಲಿಲ್ಲ. ತಂದಲ್ಲಿಯೇ ಸುರಿದು ಬನ್ನಿರೆಂದರು. ಮನೆಗೆ ಬಂದ ವಸ್ತು ಎಲ್ಲಿಯದು ಎಂದು ಕೇಳುವ ತಾಯಿ ಮನೆಮನೆಯಲ್ಲೂ ಇರಬೇಕು. ಇಂದಿನ ಕಾನೂನೂ ಈ ದಾರಿಗೆ ಬಂದಿದೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ೫,೦೦೦ ರೂಪಾಯಿಗೆ ಒಳಗಿನ ಸಾಧಾರಣ ಕಳವನ್ನು ಮೊದಲ ಸಲ ಮಾಡಿದವನು ವಸ್ತುವನ್ನೋ ಬೆಲೆಯನ್ನೋ ಹಿಂತಿರುಗಿಸಿದರೆ, ಸಮುದಾಯ ಸೇವೆಯೇ ಅವನಿಗೆ ಶಿಕ್ಷೆ.

ಇನ್ನೊಂದು ಮಾತು. ಆ ಭಕ್ತರು ಎದ್ದು ಹೊರಟಾಗ ನಮಗೆ ನೆನಪಾಯಿತು: ದಾಸೋಹದ ಮನೆಯ ರಿಪೇರಿಗೆ ತಂದ ಸಾಮಾನಿನ ಬಾಕಿ ಮಠದಿಂದಲೇ ಅವರಿಗೆ ಸಂದಿರಲಿಲ್ಲ. ಅವರು ಸಂಕೋಚದಿಂದ ಕೇಳಿರಲಿಲ್ಲ, ನಾವು ವಿಚಾರಿಸಿರಲಿಲ್ಲ. ಅಂದೇ ಕೊಡಿಸಿದೆವು. ಕಡ ತಂದು ಮರೆಯುವುದೂ ಕಳವಿನ ತಮ್ಮನೇ. ಅದು ಮಠದಲ್ಲಿದ್ದರೂ ತಪ್ಪು ತಪ್ಪೇ.

ಅಂಗಡಿ ಮುಚ್ಚುವುದಕ್ಕೆ ನಾವು ಅಪ್ಪಣೆ ಕೊಡಲಿಲ್ಲ. "ಬೆಲೆಯುಳ್ಳದ್ದನ್ನು ಕಣ್ಣೆದುರಿಗೆ ಇಟ್ಟುಕೊಳ್ಳಿ, ಬಂದವರನ್ನು ಎದ್ದು ನಿಂತು ಮಾತನಾಡಿಸಿ" ಎಂದೆವು. ನಿಮಗೂ ಅಷ್ಟೇ ಹೇಳುತ್ತೇವೆ. ತಿಳಿದೋ ತಿಳಿಯದೆಯೋ ತಂದದ್ದಿದ್ದರೆ ಹಿಂದಕ್ಕೆ ಕೊಟ್ಟುಬನ್ನಿ, ಬಾಕಿಯಿದ್ದರೆ ತೀರಿಸಿ. ಮಾರುವವನ ಕಾಯಕವೂ ಕೊಳ್ಳುವವನ ಕೈಯೂ ಶುದ್ಧವಾಗಿರಲಿ. ಗುರು ಬಸವಣ್ಣನವರ ಕೃಪೆ ನಿಮ್ಮೆಲ್ಲರ ಮೇಲಿರಲಿ.